ಫ್ರಿಜ್ಜಿನೊಳಗಿನ ಮೊಲ

ಸೊಸೆಯಾದವಳು ಏನನ್ನು ಬೇಕಾದರೂ ಬಿಟ್ಟುಕೊಡಲಿ, ಫ್ರಿಜ್ಜಿನಲ್ಲಿ ತನ್ನ ಜಾಗವನ್ನು ಮಾತ್ರ ಬಿಟ್ಟುಕೊಡಬಾರದು ಎಂಬುದು ನನ್ನ ಸಿದ್ಧಾಂತ. ಜಮಖಂಡಿಯ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ನಾನು ಜೀವಕೋಶ ಒಡೆದು ಎರಡಾಗುವ ವಿಷಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಆಗ ಕ್ರೋಮೋಸೋಮುಗಳು ಸರಿಪಾಲಾಗಬೇಕು. ಆದರೆ ಅಣ್ಣತಮ್ಮಂದಿರ ಹಿಸ್ಸೆಯಂತೆ ಅಲ್ಲೂ ಒಮ್ಮೊಮ್ಮೆ ಒಬ್ಬನಿಗೆ ಹೆಚ್ಚು, ಒಬ್ಬನಿಗೆ ಕಡಿಮೆ. ಎಡವಟ್ಟು ಎಲ್ಲಾಯಿತೆಂದು ಬಣ್ಣ ಹತ್ತಿಸಿ ತೋರಿಸಲು ಬೇಕಾದದ್ದು ಆಂಟಿಬಾಡಿ ಎಂಬ ಪ್ರೋಟೀನಿನ ದ್ರವ. ಕಿರುಬೆರಳಿನ ತುದಿಯಷ್ಟು ಸೀಸೆಗಾಗಿ ವರ್ಷವಿಡೀ ಕಾದಿದ್ದೆ. ಅದು ಬಿಸಿಲಿಗೆ ಕೆಟ್ಟರೆ ನನ್ನ ಪಿಎಚ್.ಡಿ.ಗೆ ಎಳ್ಳುನೀರು.

ಬೇಸಿಗೆ ರಜೆಗೆ ಕಾಲೇಜಿನವರು ಫ್ರಿಜ್ ಬಂದ್ ಮಾಡಿದರು. ಸೀಸೆಯನ್ನು ಬರಫದ ಗಡ್ಡೆಗಳ ನಡುವೆ ಇಟ್ಟು ತೇರದಾಳದ ಮನೆಗೆ ತಂದೆ. ನಮ್ಮದು ಜೈನರ ಮನೆ. ಉಳ್ಳಾಗಡ್ಡಿಗೂ ಹೊಸ್ತಿಲು ದಾಟುವ ಅಪ್ಪಣೆಯಿಲ್ಲ. ಅತ್ತೆ ಸೀಸೆಯನ್ನು ಬೆಳಕಿಗೆ ಹಿಡಿದರು.

"ಇದನ್ನ ಯಾತರಿಂದ ಮಾಡ್ಯಾರ?"

ಸುಳ್ಳು ಹೇಳಬಹುದಿತ್ತು. ನಾನೇಕೆ ಹೇಳಲಿ?

"ಮೊಲದ ರಕ್ತದಾಗಿಂದ ತಗದದ್ದರಿ."

"ಹಾಲಿನ ಬಾಜೂಕ ಮೊಲದ ರಕ್ತ? ಮೊದಲ ಹೊರಗ ಹಾಕು!"

"ಹಾಕೂದಿಲ್ಲರಿ. ಬೇಕಾದ್ರ ನನ್ನೂ ಹೊರಗ ಹಾಕ್ರಿ."

ಗಂಡನೆಂಬ ಪ್ರಾಣಿ ಪೇಪರಿನ ಹಿಂದೆ ಅಡಗಿತು. ಅತ್ತೆ ಹಾಲು, ಮೊಸರು, ಬೆಣ್ಣೆ ಎಲ್ಲವನ್ನೂ ತೆಗೆದು ಹೊರಗಿಟ್ಟರು. ಆಳೆತ್ತರದ ಫ್ರಿಜ್ಜಿನಲ್ಲಿ ನನ್ನ ಸೀಸೆಯೊಂದೇ ಮಹಾರಾಣಿಯಂತೆ ಉಳಿಯಿತು. ಮನೆಮಂದಿಯೆಲ್ಲ ಹುಳಿ ಮೊಸರು ಉಂಡು ಮುಖ ಕಿವುಚಿದರು. ನಾನು ಎರಡನೆಯ ಸಲ ಬಡಿಸಿಕೊಂಡು ಉಂಡೆ. ಸೋಲುವುದುಂಟೇ!

ಒಂದು ಮಧ್ಯಾಹ್ನ ಕರೆಂಟ್ ಹೋದದ್ದು ಸಂಜೆಯಾದರೂ ಬರಲಿಲ್ಲ. ಬರಫ ತರಲು ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ, ಸೋಡಾ ಅಂಗಡಿಯಿಂದ ಅತ್ತೆಯೇ ಬರಫವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ಸೀರೆಯೆಲ್ಲ ತೊಯ್ದಿತ್ತು.

"ನಿನ್ನ ಸಲುವಾಗಿ ಅಲ್ಲ," ಎಂದರು. "ಮೊಲದ ರಕ್ತ ತಗದ ಪಾಪ ಆಗಿ ಹೋಗೈತಿ. ಈಗ ಇದನ್ನ ಕೆಡಿಸಿ ಚೆಲ್ಲಿದ್ರ, ಆ ಮೂಕಪ್ರಾಣಿ ಸುಮ್ಮಸುಮ್ಮನ ನೋವು ತಿಂದಂಗ ಆತು. ತಂದೀ ಅಂದಮ್ಯಾಲ ಉಪಯೋಗ ಮಾಡು."

ಕಣ್ಣು ತುಂಬಿ ಬಂತು. ಆದರೂ ಮುಖ ಗಂಟಿಕ್ಕಿಕೊಂಡೇ ಬರಫ ಒಡೆದೆ.

ನನ್ನ ಗೈಡ್ ಕೆಲಸ ಎಲ್ಲಿಗೆ ಬಂತೆಂದು ನೆನಪಾದಾಗ ಕೇಳುತ್ತಿದ್ದರು. ಅತ್ತೆ ದಿನಾ ಬಸದಿಗೆ ಹೊರಡುವ ಮುಂಚೆ ಕೇಳತೊಡಗಿದರು: "ಮೊಲದ್ದೇನಾತು?" ಗೈಡಿಗೆ ನೆಪ ಹೇಳಿ ನನಗೆ ಚೆನ್ನಾಗಿ ರೂಢಿಯಿತ್ತು. ಅತ್ತೆಯ ಮುಂದೆ ಆ ನೆಪಗಳು ನಡೆಯುವಂತಿರಲಿಲ್ಲ. ಕೊನೆಗೆ ರಜೆಯಲ್ಲೇ ಕಾಲೇಜಿನ ಬೀಗ ತೆಗೆಸಿ, ಬೆವರು ಸುರಿಸುತ್ತ ಪ್ರಯೋಗಕ್ಕೆ ಕುಳಿತೆ. ಅತ್ತೆಗೆ ಹೆದರಿ ಅಲ್ಲ, ಇದು ನಿಮಗೆ ಗೊತ್ತಿರಲಿ. ಮೊಲದ ಮುಖ ನೋಡಿ.