ಹಲ್ಲಿಗೆ ಬಂದ ಫೋನು

ಆ ಭಾನುವಾರ ಬೆಳಿಗ್ಗೆ ರಾಜಾಜಿನಗರದ ನಮ್ಮ ಮನೆಯ ಹಾಲಿನಲ್ಲಿ ಐದು ಜನ ಇದ್ದೆವು. ಪೇಪರು ಹಿಡಿದ ಅಪ್ಪ, ಹುರುಳಿಕಾಯಿ ಸೋಸುತ್ತಿದ್ದ ಅಮ್ಮ, ಸ್ಟೂಲಿನ ಮೇಲೆ ನಾನು, ಸ್ಟೂಲು ಅಲುಗದಂತೆ ಹಿಡಿದ ತಂಗಿ ಸುಮಾ, ಮತ್ತು ಸುಮ್ಮನೆ ಬಂದು ಕೂತ ಪಕ್ಕದ ಮನೆ ಪದ್ಮಕ್ಕ. ಎಂಬತ್ತರ ದಶಕದಲ್ಲಿ ಒಂದು ಮನೆಗೆ ಫೋನು ಬಂತೆಂದರೆ ಇಡೀ ಬೀದಿಗೇ ಬಂದ ಹಾಗೆ. ಎಲ್ಲರೂ ತಮ್ಮ ನೆಂಟರಿಗೆ ನಮ್ಮ ನಂಬರನ್ನೇ ಕೊಟ್ಟಿದ್ದರು. "ಸಂಬಂಧದ ಮಾತೆಲ್ಲ ಇವರ ಮುಂದೆ ಆಡೋಕಾಗುತ್ತೇನೋ? ಒಳಗಿನ ರೂಮಿಗೂ ಒಂದು ಫೋನ್ ಎಳಿ" ಎಂದು ಅಮ್ಮ ಪಿಸುಗುಟ್ಟಿದ್ದಳು.

ಲೈನ್‌ಮನ್‌ನನ್ನು ಕರೆಯಬಹುದಿತ್ತು. ಆದರೆ ನಮ್ಮ ಆಫೀಸಿನ ಶಿವಣ್ಣ ಟೀ ಕುಡಿಯುತ್ತಲೇ ನನಗೆ ಈ ವಿದ್ಯೆ ಕಲಿಸಿಬಿಟ್ಟಿದ್ದ. "ಎರಡೇ ಎಳೆ ಗುರು. ಸಿಪ್ಪೆ ಸುಲಿ, ಹೊಸೆ, ಟೇಪು ಸುತ್ತು. ಕರೆಂಟಿನ ಹಾಗಲ್ಲ ಇದು, ಏನೂ ಮಾಡಲ್ಲ." ಓದಿದ್ದಕ್ಕಿಂತ ಕೇಳಿದ್ದನ್ನು ಬೇಗ ನಂಬುವ ಜಾತಿ ನನ್ನದು.

ಕೆಂಗೇರಿಯ ಗಂಡಿನ ಕಡೆಯವರು ಅಂದು ಹನ್ನೊಂದಕ್ಕೆ ಫೋನಿನಲ್ಲಿ ಉತ್ತರ ಹೇಳುವುದಿತ್ತು. "ನೀವು ಎತ್ತದಿದ್ರೆ ನಿಮಗೆ ಮನಸ್ಸಿಲ್ಲ ಅಂದ್ಕೋತೀವಿ" ಎಂದೂ ಹೇಳಿದ್ದರು. ಸುಮಾ ಆ ಹುಡುಗನನ್ನು ಒಪ್ಪಿದ್ದಳು. ಅರ್ಧ ಗಂಟೆ ಕೆಲಸವೆಂದು ನಾನು ಹತ್ತಕ್ಕೆ ವೈರು ಕತ್ತರಿಸಿದೆ. ಹನ್ನೊಂದಾದರೂ ಒಂದು ಎಳೆ ಹಲ್ಲಿನಲ್ಲಿತ್ತು, ಇನ್ನೊಂದು ಕೈಯಲ್ಲಿ.

ಇದ್ದಕ್ಕಿದ್ದಂತೆ ದವಡೆ ತಾನಾಗಿ ಕುಣಿಯಿತು.

"ಬಂತು! ಫೋನ್ ಬಂತು!"

ಮೇಜಿನ ಮೇಲೆ ತೆಪ್ಪಗೆ ಕೂತಿದ್ದ ಫೋನನ್ನು ಅಪ್ಪ ನೋಡಿದರು. "ಎಲ್ಲಿ ಬಂತೋ?"

"ಹಲ್ಲಿಗೆ ಬಂತು!"

"ಹೌದಾ? ಏನಂದ್ರು?" ಎಂದರು ಪದ್ಮಕ್ಕ.

ಬೆಲ್ಲು ಹೊಡೆಸುವ ಕರೆಂಟು ಈ ಎಳೆಗಳಲ್ಲೇ ಬರುತ್ತದೆಂದು ಶಿವಣ್ಣ ಹೇಳಿರಲಿಲ್ಲ. ಹೊಸೆಯಲು ಹೋದಾಗಲೆಲ್ಲ ಬೆರಳಿಗೆ ಜುಂ ಎನ್ನುತ್ತಿತ್ತು. ಕೈ ಬಿಟ್ಟರೆ ಅವರ ಫೋನು ಎತ್ತಿದಂತಾಗದು, ಹಿಡಿದರೆ ನಾನು ಉಳಿಯುವಂತಿಲ್ಲ. ಹೇಗೋ ಟೇಪು ಸುತ್ತುವಷ್ಟರಲ್ಲಿ ಜುಮ್ಮೂ ನಿಂತಿತ್ತು. ಕಾದೆವು. ಫೋನು ಮತ್ತೆ ಬಡಿದುಕೊಳ್ಳಲಿಲ್ಲ.

"ನಾವೇ ಮಾಡೋಣ" ಎಂದೆ. "ಹೆಣ್ಣಿನ ಕಡೆಯವರು ಮೇಲೆ ಬಿದ್ದು ಕೇಳೋದಾ?" ಎಂದರು ಅಪ್ಪ. ಅಮ್ಮ ಹುರುಳಿಕಾಯಿಯ ಮೇಲೆಯೇ ಕಣ್ಣೀರು ಹಾಕಿದಳು.

ಸುಮಾ ಸ್ಟೂಲು ಬಿಟ್ಟಳು. ನಾನು ಗೋಡೆಗೆ ಅಂಟಿಕೊಂಡೆ. ಅವಳು ಯಾರನ್ನೂ ಕೇಳದೆ, ಚಿಲ್ಲರೆ ಹಿಡಿದು ಮೂಲೆಯ ಅಂಗಡಿಯ ಫೋನಿಗೆ ಹೋದಳು. ಹತ್ತು ನಿಮಿಷಕ್ಕೆ ವಾಪಸು ಬಂದಾಗ ಮುಖ ಕೆಂಪಾಗಿತ್ತು.

"ಅವರಪ್ಪ ಅಲ್ಲ, ಅವರೇ ಎತ್ತಿದ್ರು. ನಮ್ಮಣ್ಣ ವೈರಿಂಗ್ ಕಲೀತಿದ್ದಾನೆ, ಅದಕ್ಕೇ ನೀವು ಮಾಡಿದ ಫೋನು ಅವನ ಹಲ್ಲಿಗೆ ಬಂತು ಅಂದೆ. ನಕ್ಕೂ ನಕ್ಕೂ ಸಾಕಾಗಿ, ಒಪ್ಪಿಗೆ ಅಂತ ಅವರಪ್ಪನ ಹತ್ರ ಹೇಳಿಸಿದ್ರು."

ಮದುವೆಯಾಯಿತು. ವರ್ಷದ ಮೇಲೆ ಕೆಂಗೇರಿಯ ಅವರ ಮನೆಯಲ್ಲೂ ಮಹಡಿಗೆ ಇನ್ನೊಂದು ಫೋನು ಎಳೆಸಿದರು. ಲೈನ್‌ಮನ್ ಬಂದು, ಕೆಲಸ ಮುಗಿಸಿ, ಏಣಿ ಹೊತ್ತು ಹೋದ ಮೇಲೆಯೇ ಸುಮಾ ನನ್ನನ್ನು ಊಟಕ್ಕೆ ಕರೆದಳು.