ಮೂಲೆ ಸೀಟಿನ ವಿಮರ್ಶಕ

ನೀರಣ್ಣನ ಕಷ್ಟಕ್ಕೆಲ್ಲ ಮೂಲ ಮಧ್ಯಂತರ.

ಏಳು ಬೀದಿಗಳಿಗೆ ನೀರು ಬಿಡುವ ಕೆಲಸ ಅವನದು. ದಿನಾ ನಾಲ್ಕು ಗಂಟೆಗೆ ಸರಿಯಾಗಿ ಟ್ಯಾಂಕಿನ ಕೆಳಗಿನ ವಾಲ್ವ್ ತಿರುಗಿಸಬೇಕು. ಐದು ನಿಮಿಷ ತಡವಾದರೂ ಏಳು ಬೀದಿಗಳ ಬಕೆಟ್ಟುಗಳು ಒಟ್ಟಿಗೆ ಬಾಯಿ ಮಾಡುತ್ತಿದ್ದವು. ಆದರೆ ಅವನಿಗೋ ಸಿನಿಮಾ ಹುಚ್ಚು. ಪ್ರತಿ ಶುಕ್ರವಾರ ಹೊಸ ಸಿನಿಮಾದ ಎರಡೂವರೆ ಗಂಟೆಯ ಆಟಕ್ಕೆ ಹೋಗಿ, ಕೊನೆಯ ಸಾಲಿನ ಮೂಲೆ ಸೀಟಿನಲ್ಲಿ ಒಂದು ಪೊಟ್ಟಣ ಕಡಲೆಕಾಯಿ ಬಿಡಿಸುತ್ತಾ ಕೂರುತ್ತಿದ್ದ. ಮೂರೂಮುಕ್ಕಾಲಿಗೆ ಮಧ್ಯಂತರದ ದೀಪ ಹತ್ತಿತೋ, ಹರಿದ ಟಿಕೆಟನ್ನು ಗೇಟಿನವನ ಕೈಗೆ ತುರುಕಿ, "ಯಾರಿಗಾದ್ರೂ ಬೇಕಾದ್ರೆ ಕೊಡಪ್ಪ" ಎಂದು ಸೈಕಲ್ ಹತ್ತುತ್ತಿದ್ದ.

ಹೀಗಾಗಿ ಮೂರು ವರ್ಷಗಳಿಂದ ಅವನು ಒಂದು ಸಿನಿಮಾದ ಕೊನೆಯನ್ನೂ ನೋಡಿರಲಿಲ್ಲ. ಇದು ಬೀದಿಯವರಿಗೆ ಗೊತ್ತಿರಲಿಲ್ಲ. ವಾಲ್ವಿನ ಪಕ್ಕ ನಿಂತು ಅವನು ಕೊಡುವ ಅಭಿಪ್ರಾಯಕ್ಕೆ ಬೆಲೆಯಿತ್ತು. ಅವನ ಪ್ರಕಾರ ಎಲ್ಲ ಸಿನಿಮಾಗಳೂ ನಗುನಗುತ್ತಾ ನೋಡುವಂಥವು. ಮೊದಲರ್ಧದಲ್ಲಿ ಯಾರು ತಾನೆ ಸಾಯುತ್ತಾರೆ? ಅವನ ಮಾತು ನಂಬಿ ಹೋದವರು ಒಮ್ಮೊಮ್ಮೆ ಅತ್ತುಕೊಂಡು ಬಂದದ್ದೂ ಇತ್ತು. "ನಿಮಗೆ ಅದರ ಆಳ ಗೊತ್ತಾಗಿಲ್ಲ" ಎಂದರೆ ಅವರು ತಮ್ಮ ಬುದ್ಧಿಯನ್ನೇ ಅನುಮಾನಿಸಿಕೊಂಡು ಸುಮ್ಮನಾಗುತ್ತಿದ್ದರು.

ಆ ಭಾನುವಾರ ಬೆಳಿಗ್ಗೆ ಹೆಡ್‌ಮೇಡಂ ಅವನನ್ನು ತಮ್ಮ ಮನೆಯ ಮುಂದೆ ನಿಲ್ಲಿಸಿದರು. ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಅವರು ಕರೆದರೆ ಮೊಮ್ಮಕ್ಕಳನ್ನು ಕಂಡವರೂ ಕೈಕಟ್ಟಿ ನಿಲ್ಲುತ್ತಿದ್ದರು. ನೀರಣ್ಣ ಕೈಕಟ್ಟಲು ಇನ್ನೊಂದು ಕಾರಣವೂ ಇತ್ತು. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅವರ ಅಣ್ಣನ ಮಗಳು ಆರು ತಿಂಗಳಿಂದ ತಪ್ಪದೆ ಅವನ ಕನಸಿಗೂ ಡ್ಯೂಟಿಗೆ ಬರುತ್ತಿದ್ದಳು.

"ಸಂಬಂಧದ ವಿಷಯ ಟೈಲರ್ ಹೇಳಿದ್ರು. ಸಂಜೆ ಆರಕ್ಕೆ ಬಾ, ಮಾತಾಡೋಣ" ಎಂದರು ಹೆಡ್‌ಮೇಡಂ. "ಅದಿರ್ಲಿ, ನಮ್ಮಣ್ಣಂಗೆ ಹಾರ್ಟ್ ಆಪರೇಷನ್ ಆಗಿ ಎರಡು ತಿಂಗಳು. ನಗ್ತಾ ಇರಿ ಅಂದಿದಾರೆ ಡಾಕ್ಟ್ರು. ಒಂದು ನಗೋ ಸಿನಿಮಾ ಹೇಳು ನೋಡೋಣ."

"ನಾಯಿಮರಿ ಸಿನಿಮಾ ನೋಡಿ ಮೇಡಂ! ಒಬ್ಬ ಅಜ್ಜ, ಒಂದು ನಾಯಿಮರಿ. ಅದು ಅಜ್ಜನ ಹಲ್ಲುಸೆಟ್ಟು ಕದ್ಕೊಂಡು ಓಡುತ್ತೆ. ಅಜ್ಜ ಬೊಚ್ಚುಬಾಯಲ್ಲೇ ಬೈತಾ ಅದರ ಹಿಂದೆ! ಮೊದಲಿಂದ ಕೊನೇವರೆಗೂ ನಗು."

"ಕೊನೇವರೆಗೂ?"

"ಕೊನೇವರೆಗೂ."

"ನಮ್ಮ ಹುಡುಗಿ ಅದನ್ನ ಅಳೋ ಸಿನಿಮಾ ಅಂದ್ಳಪ್ಪ. ಅವಳ ಮಾತು ಬಿಡು, ಅವಳಿಗೆ ಎಲ್ಲಾ ಸಿನಿಮಾನೂ ಅಳೋದೇ."

ಪಕ್ಕದ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದ ಟೈಲರ್ ಇದನ್ನೆಲ್ಲ ಕೇಳಿಸಿಕೊಂಡು, ಮಧ್ಯಾಹ್ನ ಅಂಗಡಿ ಮುಚ್ಚಿ ಹೆಂಡತಿಯನ್ನೂ ಅದೇ ಸಿನಿಮಾಕ್ಕೆ ಹೊರಡಿಸಿದ.

ನಾಲ್ಕಕ್ಕೆ ನೀರು ಬಿಟ್ಟು, ಐದೂವರೆಗೆ ಇಸ್ತ್ರಿ ಅಂಗಿ ತೊಟ್ಟು ನೀರಣ್ಣ ಹೊರಟ. ದಾರಿಯಲ್ಲಿ ಟೈಲರ್ ಎದುರಾದ. ಕಣ್ಣು ಟೊಮೆಟೊ ಹಣ್ಣಿನಂತಾಗಿತ್ತು.

"ಮನುಷ್ಯನೇನಯ್ಯ ನೀನು?" ಎಂದಷ್ಟೇ ಹೇಳಿ ಮುಂದೆ ನಡೆದ. ಅವನ ಹೆಂಡತಿ ಸ್ವಲ್ಪ ಹಿಂದೆ ರಸ್ತೆ ಬದಿಯಲ್ಲೇ ಕೂತು ಬೀದಿನಾಯಿಯೊಂದನ್ನು ಅಪ್ಪಿಕೊಂಡಿದ್ದಳು. ನಾಯಿ ಬಿಡಿಸಿಕೊಳ್ಳಲು ಒದ್ದಾಡುತ್ತಿತ್ತು. ಪಾಪ, ನಕ್ಕೂ ನಕ್ಕೂ ಸುಸ್ತಾಗಿದ್ದಾರೆ ಎಂದುಕೊಂಡ ನೀರಣ್ಣ.

ಹೆಡ್‌ಮೇಡಂ ಮನೆಯಲ್ಲಿ ಅಣ್ಣನವರು ಮುಖದ ಮೇಲೆ ಟವೆಲ್ ಹಾಕಿಕೊಂಡು ಒರಗಿದ್ದರು. ಭುಜಗಳು ಕುಲುಕುತ್ತಿದ್ದವು. ಪಕ್ಕದಲ್ಲಿ ಮಗಳು ಅವರ ನಾಡಿ ಹಿಡಿದು ಕೂತಿದ್ದಳು.

"ಯಜಮಾನ್ರು ಇನ್ನೂ ನಗ್ತಾನೇ ಇದಾರೆ!" ಎಂದ ನೀರಣ್ಣ, ಹಲ್ಲು ಕಿರಿದು.

ಹೆಡ್‌ಮೇಡಂ ಕನ್ನಡಕ ಸರಿಮಾಡಿಕೊಂಡರು. "ಕೊನೇ ದೃಶ್ಯ ನೆನಪಿದೆಯಾ?"

"ಮರೆಯೋಕಾಗುತ್ತಾ ಮೇಡಂ!"

"ನಾಯಿಮರಿ ಹಲ್ಲುಸೆಟ್ಟು ಬಾಯಲ್ಲಿಟ್ಕೊಂಡು ಕೂತಿರುತ್ತಲ್ಲ?"

"ಅಯ್ಯಯ್ಯೋ! ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಹಿಡ್ಕೋಬೇಕು!"

"ಅಜ್ಜನ ಸಮಾಧಿ ಮೇಲೆ."

ನೀರಣ್ಣನ ನಗು ಬಾಯಲ್ಲೇ ಕೂತುಬಿಟ್ಟಿತು.

"ಮಳೇಲಿ" ಎಂದಿತು ಟವೆಲಿನೊಳಗಿನ ಧ್ವನಿ. "ಮೂರು ದಿನ."

ಕಲ್ಲೆದೆಯವನು ಅನ್ನಿಸಿಕೊಳ್ಳಬೇಕು, ಇಲ್ಲವೇ ಸುಳ್ಳುಗಾರ ಅನ್ನಿಸಿಕೊಳ್ಳಬೇಕು. ನಾಡಿ ಹಿಡಿದವಳ ಕಡೆ ಒಮ್ಮೆ ನೋಡಿ ನೀರಣ್ಣ ಎರಡನೆಯದನ್ನೇ ಆರಿಸಿಕೊಂಡ. ಮಧ್ಯಂತರ, ವಾಲ್ವು, ಸೈಕಲ್ಲು, ಮೂರು ವರ್ಷ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಟ್ಟ.

ಹೆಡ್‌ಮೇಡಂ ಮುಖ ಸಡಿಲವಾಯಿತು. "ಅಂದ್ರೆ ನಮಗೆ ನೀರು ತಪ್ಪಬಾರದು ಅಂತ, ಅಷ್ಟು ಹುಚ್ಚಿದ್ರೂ ಅರ್ಧಕ್ಕೇ ಎದ್ದು ಬರ್ತಿದ್ಯಾ?"

"ಕೆಲಸ ಅಂದ್ಮೇಲೆ ಕೆಲಸ ಮೇಡಂ."

ಟವೆಲ್ ಸರಿಯಿತು. "ಕೂತ್ಕೊಳಪ್ಪ" ಎಂದರು ಅಣ್ಣನವರು, ಮೂಗೊರೆಸಿಕೊಳ್ಳುತ್ತಾ. "ಇಂಥ ಹುಡುಗ ಎಲ್ಲಿ ಸಿಗ್ತಾನೆ?"

ಆಗ ಹುಡುಗಿ ಮೊದಲ ಸಲ ಬಾಯಿ ತೆರೆದಳು. "ಯಾವ ಸೀಟು?"

"ಕೊನೇ ಸಾಲು. ಮೂಲೆ."

"ಎದ್ದು ಬರುವಾಗ ಟಿಕೆಟ್ ಗೇಟಿನವರಿಗೆ ಕೊಡ್ತೀರಾ?"

"ನಿಮಗೆ ಹೇಗೆ ಗೊತ್ತು?"

"ಶುಕ್ರವಾರ ನನ್ನ ಡ್ಯೂಟಿ ಮೂರೂವರೆಗೆ ಮುಗಿಯುತ್ತೆ. ಆ ಟಿಕೆಟ್ಟಲ್ಲೇ ನಾನು ಉಳಿದರ್ಧ ನೋಡೋದು."

"ಅದಕ್ಕೇ ಏನೇ ನಿಂಗೆಲ್ಲಾ ಅಳೋ ಸಿನಿಮಾ!" ಎಂದು ಹೆಡ್‌ಮೇಡಂ ಹಣೆ ಚಚ್ಚಿಕೊಂಡರು.

ನೀರಣ್ಣನ ಎದೆಯಲ್ಲಿ ವಾದ್ಯಗಳು ಶುರುವಾದವು. ಮೂರು ವರ್ಷ ಒಂದೇ ಟಿಕೆಟ್, ಒಂದೇ ಸೀಟು! ಅವನ ಅರ್ಧಕ್ಕೆ ಅವಳ ಅರ್ಧ ಸೇರಿದರೆ ಪೂರ್ತಿ ಸಿನಿಮಾ. ಇಷ್ಟು ಚೆನ್ನಾಗಿ ಯಾರೂ ಕತೆ ಬರೆದಿರಲಾರರು.

"ಕಡಲೆಕಾಯಿ ಅಂದ್ರೆ ಇಷ್ಟಾನಾ?" ಎಂದು ಕೇಳಿದಳು ಹುಡುಗಿ, ಎದ್ದು ನಿಲ್ಲುತ್ತಾ.

ತಂದುಕೊಡಲು ಎದ್ದಿದ್ದಾಳೆ ಎಂದು ಅವನಿಗೆ ಕಣ್ಣು ತುಂಬಿ ಬಂತು. "ಪ್ರಾಣ! ಅದಿಲ್ದೆ ನಾನು ಸಿನಿಮಾಕ್ಕೆ ಕೂರೋದೇ ಇಲ್ಲ."

"ಅತ್ತೆ" ಎಂದಳು ಹುಡುಗಿ, ಹೆಡ್‌ಮೇಡಂ ಕಡೆ ತಿರುಗಿ. "ಮೂರು ವರ್ಷದಿಂದ ಪ್ರತಿ ಶುಕ್ರವಾರ, ಎಂಟು ಗಂಟೆ ದುಡಿದು ಬಂದು, ಆ ಸೀಟಿನ ಸಿಪ್ಪೆ ಬಳಿದು ಹಾಕಿ ಕೂತ್ಕೋತಿದೀನಿ. ಯಾವ ಪುಣ್ಯಾತ್ಮನೋ ಕಣ್ಣಿಗೆ ಬೀಳಲಿ ಅಂತ ಕಾಯ್ತಿದ್ದೆ. ಇನ್ನು ಮನೇಲೂ ಅದನ್ನೇ ಗುಡಿಸ್ತಾ ಕೂರೋಕೆ ನನ್ನ ಕೈಲಾಗಲ್ಲ."

ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು.

ನೀರಣ್ಣ ಹೊರಗೆ ಬಂದಾಗ ಟೈಲರ್ ಅಂಗಡಿ ಮೆಟ್ಟಿಲ ಮೇಲೆ ಕೂತಿದ್ದ. ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೆ ಕುತೂಹಲ ಅದಕ್ಕಿಂತ ಹೆಚ್ಚಾಗಿತ್ತು.

"ಏನಯ್ಯ, ಹೇಗಾಯ್ತು?"

ನೀರಣ್ಣ ಜೇಬಿಗೆ ಕೈ ಹಾಕಿ ಒಂದು ಕಡಲೆಕಾಯಿ ತೆಗೆದ. ಅದನ್ನೊಮ್ಮೆ ನೋಡಿದ. ಒಡೆಯದೆ ಹಾಗೇ ಜೇಬಿಗೆ ಹಾಕಿಕೊಂಡ.

"ಮೊದಲರ್ಧ ತುಂಬಾ ಚೆನ್ನಾಗಿತ್ತು" ಎಂದ.