ಎರಡು ಕಲ್ಲಿನ ಕಾವಲು

ಹೆಂಚಿನ ಗೋದಾಮಿನ ಕಾವಲುಗಾರ ಆ ಬೆಳಗ್ಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಸಂಜೆ ಐದಕ್ಕೆ ಅವನಿಗೆ ಮೂಳೆ ಡಾಕ್ಟರರ ಹತ್ತಿರ ಸರದಿ. ಮೂರು ವಾರ ಕಾದು ಸಿಕ್ಕಿದ್ದು. ಗೋಡೆಯ ನೆರಳಲ್ಲಿ ಸ್ಕೂಟರ್ ನಿಲ್ಲಿಸಿ, ನೋಯುವ ಮಂಡಿ ಉಜ್ಜಿಕೊಂಡು ತಿರುಗಿದರೆ, ಜಲ್ಲಿ ಹಾಸಿದ ಅಂಗಳದ ನಡುವೆ ಉದ್ದ ಕಾಲಿನ ಹಕ್ಕಿಯೊಂದು ಹಳದಿ ಕಣ್ಣು ಬಿಟ್ಟುಕೊಂಡು ನಿಂತಿತ್ತು. ಅದರ ಕಾಲ ಬಳಿ ಚುಕ್ಕೆ ಚುಕ್ಕೆಯ ಎರಡು ಗುಂಡುಗಳು.

"ಅಯ್ಯೋ ಪಾಪ, ಮೊಟ್ಟೆ ಇಟ್ಟಿದೆ" ಎಂದುಬಿಟ್ಟ.

ಅದು ಟೈಪಿಸ್ಟ್ ಅಕ್ಕನ ಕಿವಿಗೆ ಬಿತ್ತು. ಅಕ್ಕನ ಕಿವಿಗೆ ಬಿದ್ದರೆ ಡಂಗುರ ಹೊಡೆಸಿದ ಹಾಗೆ. ಎಲ್ಲರೂ ಬಂದರು, ಹಕ್ಕಿ ಓಡಿಹೋಯಿತು.

"ನೋಡಿದ್ದು ನೀನು ತಾನೇ? ಹಾಗಾದ್ರೆ ನೀನೇ ಕಾಯಿ" ಎಂದರು ಮ್ಯಾನೇಜರ್. "ಪಕ್ಷಿ ಮೇಷ್ಟ್ರಿಗೆ ಫೋನ್ ಮಾಡಿದೀನಿ. ಅವರು ಬರೋವರೆಗೂ ಜಾಗ ಬಿಟ್ಟು ಕದಲಬೇಡ."

"ಸಾರ್, ನನ್ನ ಮಂಡಿ..."

"ಮಂಡಿ ಎಲ್ಲರಿಗೂ ಇದೆಯಪ್ಪ."

ಹತ್ತು ಗಂಟೆಗೆ ಲಾರಿ ಬಂತು. "ಎಲ್ಲಿ ತಿರುಗಿಸ್ಲಿ, ನಿನ್ನ ತಲೆ ಮೇಲಾ?" ಎಂದು ಡ್ರೈವರ್ ರೇಗಿ, ಹೆಂಚು ಇಳಿಸದೆಯೇ ಹೊರಟುಹೋದ. ಮಧ್ಯಾಹ್ನ ಅಕ್ಕ ಕೊಡೆ ತಂದಳು, ಮೊಟ್ಟೆಗೆ. ಲೆಕ್ಕದ ಗುಮಾಸ್ತ ಕಿಟಕಿಯಿಂದಲೇ, "ಕೆಮ್ಮಬೇಡ ಮಾರಾಯ, ಒಳಗಿರೋ ಮರಿ ಬೆಚ್ಚುತ್ತೆ" ಎಂದ. ಕೊಡೆ ಹಿಡಿದು ಬಗ್ಗಿ ಬಗ್ಗಿ ಕಾವಲುಗಾರನ ಮಂಡಿ ಊದಿ ಗಡಿಗೆಯಾಯಿತು. ಬೇಸರಪಡುವುದಕ್ಕೂ ಅವನಲ್ಲಿ ತ್ರಾಣವಿರಲಿಲ್ಲ.

ನಾಲ್ಕೂವರೆಗೆ ಪಕ್ಷಿ ಮೇಷ್ಟ್ರು ಬಂದು, ಹಕ್ಕಿಯ ಚಹರೆ ಕೇಳಿಕೊಂಡು, ಪಾಠ ಶುರುಮಾಡಿದರು.

"ಅದು ಕಲ್ಲುಗೊರವ. ಲೋಕದಲ್ಲಿ ಅದರದ್ದು ಹತ್ತು ಜಾತಿ. ಗೂಡು ಕಟ್ಟೋ ತಾಪತ್ರಯವೇ ಇಲ್ಲ, ಮೊಟ್ಟೆ ಬರೀ ನೆಲದ ಮೇಲೆ. ಆಫ್ರಿಕಾದಲ್ಲಿ ಒಂದು ಜಾತಿ ಮೊಸಳೆ ಪಕ್ಕದಲ್ಲೇ ಇಡುತ್ತೆ. ಇಂಗ್ಲಿಷಿನೋರು ಇವಕ್ಕೆ ದಪ್ಪ ಮಂಡಿ ಅಂತಾರೆ."

"ನನ್ನದೂ ಅದೇ ಜಾತಿ ಸಾರ್" ಎಂದ ಕಾವಲುಗಾರ.

ಮೇಷ್ಟ್ರು ಬಗ್ಗಿ ಗುಂಡುಗಳನ್ನು ಕೈಗೆತ್ತಿಕೊಂಡರು. "ಇವು ಕಲ್ಲು ಕಣಪ್ಪ."

ಕಲ್ಲುಗಳನ್ನು ಅವನೇ ಇಟ್ಟಿದ್ದನೇನೋ ಎಂಬಂತೆ ಎಲ್ಲರೂ ಅವನನ್ನೇ ನೋಡಿದರು. ಅವನಿಗೆ ಮಾತ್ರ ಜೀವ ಬಂದಂತಾಯಿತು. ಐದಕ್ಕೆ ಇನ್ನೂ ಹದಿನೈದು ನಿಮಿಷವಿತ್ತು. ಕುಂಟುತ್ತ ಹೋಗಿ ಸ್ಕೂಟರಿಗೆ ಕೈ ಹಾಕಿದ.

"ಮುಟ್ಟಬೇಡ" ಎಂದರು ಮೇಷ್ಟ್ರು ಮೆಲ್ಲಗೆ.

ಸ್ಕೂಟರಿನ ಕೆಳಗೆ, ಸ್ಟ್ಯಾಂಡಿಗೂ ಹಿಂದಿನ ಚಕ್ರಕ್ಕೂ ನಡುವೆ, ಹಕ್ಕಿ ಕಲ್ಲಿನಂತೆ ಕೂತಿತ್ತು.

"ಬೆಳಗ್ಗೆ ನೀನು ಗಾಡಿ ತಂದಾಗ ಹೆದರಿ ಆ ಕಡೆ ಎದ್ದುಹೋಗಿರಬೇಕು. ಮೊಟ್ಟೆ ಇಲ್ಲಿವೆ ನೋಡು. ಸ್ಟ್ಯಾಂಡ್ ತೆಗೆದರೆ ಎರಡೂ ಚೂರು."

"ಎಷ್ಟು ಹೊತ್ತು ಸಾರ್?"

"ಹೊತ್ತಲ್ಲ, ಇಪ್ಪತ್ತಾರು ದಿನ."

ಮ್ಯಾನೇಜರ್ ಅವನ ಹೆಗಲ ಮೇಲೆ ಕೈಯಿಟ್ಟು, "ಸ್ಕೂಟರ್ ನಿಂದು ತಾನೇ? ಹಾಗಾದ್ರೆ ನೀನೇ ಕಾಯಿ" ಎಂದರು.